ಬಿದ್ದ ಕೂಡಲೇನಾ, ಎದ್ದ ಕೂಡಲೇನಾ?

ನಾನು ಬಟ್ಟೆ ಕಾರ್ಖಾನೆಯಲ್ಲಿ ಚೆಕ್ಕರ್. ಹೊಲಿದು ಬಂದ ಅಂಗಿಗಳನ್ನು ತಿರುವಿಹಾಕಿ ತಪ್ಪು ಹುಡುಕುವುದು ನನ್ನ ಕೆಲಸ. ಹೊಲಿಯುವ ಹೆಂಗಸರು ನನ್ನ ಬೆನ್ನ ಹಿಂದೆ ‘ಹದ್ದು’ ಅನ್ನುತ್ತಾರಂತೆ. ಅನ್ನಲಿ. ನಾನು ಕಣ್ಣು ಮುಚ್ಚಿಕೊಂಡರೆ ಒಂದು ತೋಳು ಉದ್ದ, ಒಂದು ತೋಳು ಗಿಡ್ಡ ಇರುವ ಅಂಗಿಗಳೇ ಊರು ತುಂಬಾ ಓಡಾಡುತ್ತವೆ.

ಅವತ್ತು ನಾಲ್ಕೂವರೆಗೆ ಮನೆಗೆ ಬಂದರೆ, ನನ್ನ ಐದು ವರ್ಷದ ಮಗಳು ಗುಂಡಿ, ಚಾಪೆಯ ಮೇಲೆ ನಿದ್ದೆ ಹೋಗಿದ್ದಳು. ದುಂಡಗಿದ್ದಾಳೆ ಅಂತ ಆ ಅಡ್ಡಹೆಸರು. ಆ ಹೊತ್ತಿನಲ್ಲಿ ಬಡಿದು ಮಲಗಿಸಿದರೂ ಮಲಗುವವಳಲ್ಲ. ನಾನು ಚಪ್ಪಲಿ ಬಿಡುವಷ್ಟರಲ್ಲೇ ಅತ್ತೆ ಶುರುಮಾಡಿದರು.

“ಮಂಚದಿಂದ ಬಿದ್ಲು ಕಣಮ್ಮ. ಏನೂ ಆಗಿಲ್ಲ.”

ನಾನು ಕೇಳಿಯೇ ಇರಲಿಲ್ಲ. ಕುಂಬಳಕಾಯಿ ಕಳ್ಳ ಅನ್ನುವ ಮೊದಲೇ ಇವರು ಹೆಗಲು ಮುಟ್ಟಿಕೊಂಡಾಗಿತ್ತು.

ಗುಂಡಿಯ ತಲೆ ಹೊರಳಿಸಿದೆ. ಬಲಗಿವಿಯ ಹಿಂದೆ ನಿಂಬೆಹಣ್ಣಿನಷ್ಟು ಊತ. ಅಂಗಿಯ ಬೆನ್ನಿಗೆ ಬೂದು ಬಣ್ಣದ ಸಿಮೆಂಟಿನ ಪುಡಿ. ಅತ್ತೆ ಎರಡು ಹೊತ್ತೂ ಒರೆಸುವ ನೆಲದಲ್ಲಿ ಸಿಮೆಂಟಿನ ಪುಡಿ ಎಲ್ಲಿಂದ ಬರಬೇಕು? ಮಂಚವಂತೆ ಮಂಚ.

“ಮಂಚದ ಯಾವ ಕಡೆ ಬಿದ್ಲು?”

“ಈ ಕಡೆ. ಅಲ್ಲ, ಗೋಡೆ ಕಡೆ.”

“ಗೋಡೆಗೂ ಮಂಚಕ್ಕೂ ಮಧ್ಯೆ ಕೈ ತೂರೋಕೂ ಜಾಗ ಇಲ್ಲ ಅತ್ತೆ.”

“ಅಯ್ಯೋ, ಅದನ್ನೆಲ್ಲ ಯಾರು ನೋಡ್ತಾರೆ. ಒದ್ದೆ ಬಟ್ಟೆ ಇಟ್ಟಿದೀನಿ. ಒಂದು ನಿದ್ದೆ ಮಾಡಿದ್ರೆ ಸರಿಹೋಗುತ್ತೆ. ಮಕ್ಕಳು ಬಿದ್ದು ಎದ್ದೇ ದೊಡ್ಡವರಾಗೋದು.”

ಕಾರ್ಖಾನೆಯಲ್ಲಿ ಒಮ್ಮೆ ನರ್ಸ್ ಬಂದು ಪ್ರಥಮ ಚಿಕಿತ್ಸೆಯ ಪಾಠ ಹೇಳಿದ್ದಳು. ತಲೆಗೆ ಪೆಟ್ಟಾದ ಮಗು ಸ್ವಲ್ಪ ಹೊತ್ತು ಎಚ್ಚರ ತಪ್ಪಿದ್ದರೂ ಮನೆಯಲ್ಲಿ ಇಟ್ಟುಕೊಳ್ಳಬೇಡಿ, ನೇರ ದೊಡ್ಡ ಆಸ್ಪತ್ರೆಗೆ ಹೋಗಿ ಅಂದಿದ್ದಳು.

“ಬಿದ್ದ ಕೂಡಲೇ ಅತ್ಲಾ?” ಅಂದೆ.

“ಹೂಂ ಮತ್ತೆ. ಎದ್ದ ಕೂಡಲೇ ಅತ್ಲು.”

ನನ್ನ ಕೈ ಅಲ್ಲೇ ನಿಂತಿತು. “ಬಿದ್ದ ಕೂಡಲೇನಾ, ಎದ್ದ ಕೂಡಲೇನಾ?”

“ಎರಡೂ ಒಂದೇ ಅಲ್ವೇನಮ್ಮ.”

“ಒಂದೇ ಅಲ್ಲ. ಬಿದ್ದಿದ್ದಕ್ಕೂ ಎದ್ದಿದ್ದಕ್ಕೂ ನಡುವೆ ಎಷ್ಟು ಹೊತ್ತು?”

ಅತ್ತೆ ಒದ್ದೆ ಬಟ್ಟೆಯನ್ನು ಎತ್ತಿ ಮಡಿಸತೊಡಗಿದರು. ನಾನು ಮಗುವನ್ನು ಹೆಗಲಿಗೆ ಹಾಕಿಕೊಂಡು ರಸ್ತೆಗೆ ಓಡಿ, ಸಿಕ್ಕ ಗಾಡಿ ಹತ್ತಿದೆ. ಅತ್ತೆಯೂ ಏದುಸಿರು ಬಿಡುತ್ತಾ ಹತ್ತಿಕೊಂಡರು. ದಾರಿಯಲ್ಲಿ ಗುಂಡಿ ನನ್ನ ಹೆಗಲ ಮೇಲೆಯೇ ವಾಂತಿ ಮಾಡಿಕೊಂಡಳು.

ಆಸ್ಪತ್ರೆಯಲ್ಲಿ ಡಾಕ್ಟರಮ್ಮ ಮಗುವಿನ ಕಣ್ಣಿಗೆ ಟಾರ್ಚು ಬಿಟ್ಟು ನೋಡಿ, ಅತ್ತೆಯ ಕಡೆ ತಿರುಗಿದರು. “ಅಜ್ಜಿ, ಹೇಗೆ ಬಿದ್ಲು ಅಂತ ಗೊತ್ತಾದ್ರೆ ಮಾತ್ರ ಏನು ಮಾಡಬೇಕು ಅಂತ ನನಗೆ ಗೊತ್ತಾಗೋದು. ಇಲ್ಲಿ ಯಾರೂ ಬೈಯಲ್ಲ.”

ಅತ್ತೆ ನೆಲ ನೋಡುತ್ತಾ ಹೇಳಿದರು. “ಮಹಡಿ ಮೆಟ್ಟಿಲಿಂದ. ನಾನು ಮೇಲೆ ಬಟ್ಟೆ ಒಣಗಿಸ್ತಿದ್ದೆ. ಓಡಿ ಬಂದು ಎತ್ಕೊಂಡ್ರೆ ಉಸಿರಿತ್ತು, ಕಣ್ಣು ಬಿಡ್ಲಿಲ್ಲ. ಮೂರು ಸಲ ನೀರು ಚಿಮುಕಿಸಿದ ಮೇಲೆ ಎದ್ಲು.”

“ಇದನ್ನ ಮನೇಲೇ ಹೇಳೋಕೆ ಏನಾಗಿತ್ತು ನಿಮಗೆ?” ನನ್ನ ದನಿ ವಾರ್ಡಿಗೆಲ್ಲ ಕೇಳಿಸಿತು.

“ನಿನಗಾ?” ಅತ್ತೆ ಮೊದಲ ಸಲ ನನ್ನ ಮುಖ ನೋಡಿದರು. “ನಾನು ಒಂದು ಲೋಟ ಒಡೆದಿದ್ದನ್ನ ನೀನು ಎರಡು ತಿಂಗಳು ಎತ್ತಿ ಆಡಿದೆ. ಇದನ್ನ ನಾನು ಸಾಯೋವರೆಗೂ ಎತ್ತಿ ಆಡ್ತಿದ್ದೆ.”

ತಕ್ಕ ಉತ್ತರ ನಾಲಿಗೆಯ ತುದಿಯಲ್ಲೇ ಇತ್ತು. ಅಷ್ಟರಲ್ಲಿ ಡಾಕ್ಟರಮ್ಮ ಗುಂಡಿಯ ಮೇಲೆ ಬಗ್ಗಿದರು.

“ಎಲ್ಲಿ ನೋವು ಪುಟ್ಟಾ?”

ಗುಂಡಿ ಅವರನ್ನು ನೋಡಿದಳು. ಆಮೇಲೆ ನನ್ನ ಮುಖ ನೋಡಿದಳು. “ಎಲ್ಲೂ ಇಲ್ಲ. ನಾನು ಬಿದ್ದೇ ಇಲ್ಲ.”

“ನೀವು ಸ್ವಲ್ಪ ಹೊರಗಿರಿ ಅಮ್ಮ,” ಅಂದರು ಡಾಕ್ಟರಮ್ಮ.

“ನಾನು ಇವಳ ತಾಯಿ.”

“ಗೊತ್ತು. ಅದಕ್ಕೇ.”

ಪರದೆಯ ಆಚೆ ನಿಂತೆ. ತುಸು ಹೊತ್ತಿಗೆ ಗುಂಡಿಯ ದನಿ ಕೇಳಿಸಿತು. “ಇಲ್ಲಿ ನೋವು. ಅಜ್ಜಿ ಎರಡೆರಡು ಕಾಣ್ತಿದಾರೆ. ಅಮ್ಮಂಗೆ ಹೇಳ್ಬೇಡಿ, ಅಜ್ಜಿಗೆ ಬೈತಾಳೆ.” ಇಷ್ಟು ದಿನ ಮನೆಯಲ್ಲಿ ಇನ್ನೂ ಏನೇನು ನನ್ನಿಂದ ಮುಚ್ಚಿಟ್ಟಿದ್ದರೋ.

ತಳ್ಳುವ ಮಂಚದ ಮೇಲೆ ಗುಂಡಿಯನ್ನು ಹೊರಗೆ ತಂದರು. “ತಲೆ ಸ್ಕ್ಯಾನ್ ಈಗಲೇ ಆಗಬೇಕು,” ಅಂದಳು ನರ್ಸ್. “ಜೊತೆಗೆ ಒಬ್ಬರನ್ನೇ ಬಿಡೋದು. ಎಲ್ಲಿ ಏನಾಗ್ತಿದೆ ಅಂತ ಮಗು ಹೇಳ್ತಾ ಇರಬೇಕು. ಯಾರು ಬರ್ತೀರಿ?”

ಅತ್ತೆ ಗುಂಡಿಯ ಹಿಡಿತದಿಂದ ತಮ್ಮ ಬೆರಳು ಬಿಡಿಸಿಕೊಂಡು, ಆ ಪುಟ್ಟ ಕೈಯನ್ನು ನನ್ನ ಕೈಯೊಳಗೆ ಇಟ್ಟರು. ಅದು ತಣ್ಣಗಿತ್ತು. ಬಿಡಲು ನನಗೆ ಜೀವ ಬರಲಿಲ್ಲ.

“ನೀವೇ ಹೋಗಿ ಅತ್ತೆ,” ಅಂದೆ. “ನಿಮಗಾದ್ರೆ ನಿಜ ಹೇಳ್ತಾಳೆ.”