ತಲೆಬುರುಡೆಗೆ ಇಟ್ಟ ಕುಂಕುಮ

ಹೆಂಡತಿಯ ಹೆಸರು ಕುವೈತಿನಲ್ಲಿ ಉಳಿಯಬೇಕು ಎಂಬ ಒಂದೇ ಆಸೆಯಿಂದ ಪುಟ್ಟಯ್ಯನವರು ಶ್ಯಾಮಸುಂದರನಂಥ ಮನುಷ್ಯನ ಮಾತಿಗೆ ಒಪ್ಪಿದ್ದರು. ಬೇರೆ ದಾರಿಯಿರಲಿಲ್ಲ. ಚಂದ್ರಪ್ರಭಾ ಇಲ್ಲಿಯ ಇಂಡಿಯನ್ ಸ್ಕೂಲೊಂದರಲ್ಲಿ ಇಪ್ಪತ್ತಾರು ವರ್ಷ ಜೀವಶಾಸ್ತ್ರ ಕಲಿಸಿದಳು; ಹೋದ ವರ್ಷ ಮೂರೇ ವಾರ ಮಲಗಿ ಹೊರಟುಹೋದಳು. ದೇಹ ವಿಮಾನದಲ್ಲಿ ಊರಿಗೆ ಹೋಯಿತು, ಬೂದಿ ಕಾವೇರಿಗೆ ಹೋಯಿತು. ಈ ಮರಳಿನಲ್ಲಿ ಅವಳದೆಂದು ಒಂದು ಕಲ್ಲೂ ಇಲ್ಲ. ಬರುವ ತಿಂಗಳು ಪುಟ್ಟಯ್ಯನವರ ಇಕಾಮಾ, ಅಂದರೆ ಇಲ್ಲಿ ನೆಲೆಸುವ ಪರವಾನಗಿ, ಮುಗಿಯುತ್ತದೆ, ಮೀನಾ ಅಲ್ ಅಹ್ಮದಿಯ ರಿಫೈನರಿಯಲ್ಲಿ ಪೈಪುಗಳ ಬೆಸುಗೆ ಪರೀಕ್ಷಿಸುವ ಕೆಲಸವೂ ಮುಗಿಯುತ್ತದೆ. ಆಮೇಲೆ ಅವಳ ಹೆಸರು ಹೇಳುವವರು ಯಾರು? ಆದ್ದರಿಂದ ಕನ್ನಡ ಸಂಘದ ಅಧ್ಯಕ್ಷ ಶ್ಯಾಮಸುಂದರ ಅಬು ಹಲೀಫಾದ ಅವರ ಫ್ಲ್ಯಾಟಿಗೆ ಬಂದು, "ಟೀಚರ್ ಹೆಸರಲ್ಲಿ ವರ್ಷಾ ವರ್ಷಾ ಒಂದು ಉಪನ್ಯಾಸ ಇಡ್ತೀವಿ ಸರ್, ಪರ್ಮನೆಂಟು. ಅವರದೇ ಸಬ್ಜೆಕ್ಟು, ಮನುಷ್ಯನ ಹುಟ್ಟು" ಎಂದಾಗ ತಲೆಯಾಡಿಸಿದರು.

ಆ ಸಬ್ಜೆಕ್ಟನ್ನು ಅವರು ಎಂದೂ ಒಪ್ಪಿದವರಲ್ಲ. ಹಣೆಗೆ ನಾಮವಿಡದೆ ತಲೆಗೆ ಹೆಲ್ಮೆಟ್ ಇಟ್ಟವರಲ್ಲ ಅವರು. ಮೇಲುಕೋಟೆಯ ಚೆಲುವನಾರಾಯಣನ ಪಟದ ಮುಂದೆ ಕುಳಿತು ದಿನವೂ ಸಹಸ್ರನಾಮ ಹೇಳುವ ಹೊತ್ತಿನಲ್ಲೇ, ಆಚೆ ಕೋಣೆಯ ಊಟದ ಮೇಜಿನಲ್ಲಿ ಹೆಂಡತಿ ಮಕ್ಕಳಿಗೆ ಟ್ಯೂಷನ್ ಹೇಳುತ್ತಿದ್ದಳು. ಹತ್ತನೇ ತರಗತಿಯ ಪುಸ್ತಕದಿಂದ ಮನುಷ್ಯನ ವಿಕಾಸದ ಪಾಠವನ್ನು ಕಿತ್ತುಹಾಕಿದ ವರ್ಷವಂತೂ ಹಟ ಹಿಡಿದು ಅದನ್ನೇ ಹೇಳಿದಳು. ನಾಲಗೆಯ ಮೇಲೆ ನಾರಾಯಣ, ಕಿವಿಯಲ್ಲಿ ನಿಯಾಂಡರ್ತಲ್. ಪುಟ್ಟಯ್ಯನವರ ಬಾಳು ಹೀಗೆ ನಡೆದಿತ್ತು.

"ಹೋದ ವರ್ಷ ಒಂದು ಹೇಳಿದೆ, ಈ ವರ್ಷ ಇನ್ನೊಂದು ಹೇಳ್ತೀಯ. ಮೂಳೆ ಸಿಕ್ಕಿದ ಹಾಗೆಲ್ಲ ತಾತನ್ನ ಬದಲಾಯಿಸೋದೂ ಒಂದು ಶಾಸ್ತ್ರವೇನೆ?" ಎಂದು ಅವರು ಕೆಣಕುತ್ತಿದ್ದರು.

"ನೀವು ಪಾಸ್ ಮಾಡಿದ ಬೆಸುಗೆ ಎಕ್ಸ್‌ರೇಲಿ ಬಿರುಕು ತೋರಿಸಿದ್ರೆ ಏನ್ಮಾಡ್ತೀರಿ ರೀ?"

"ಕಿತ್ತು ಮತ್ತೆ ಬೆಸುಗೆ ಹಾಕಿಸ್ತೀನಿ."

"ನಾನೂ ಅಷ್ಟೇ. ಕಾಫಿ ಕುಡೀರಿ."

ಒಮ್ಮೆ ರಜೆಯಿಂದ ಬರುವಾಗ ಅವಳು ನಿಯಾಂಡರ್ತಲ್ ಎಂಬ ಆದಿಮಾನವ ಗಂಡಸಿನ ತಲೆಬುರುಡೆಯ ಪ್ಲಾಸ್ಟರ್ ಅಚ್ಚೊಂದನ್ನು ಸೀರೆಗಳ ನಡುವೆ ಸುತ್ತಿ ತಂದಿದ್ದಳು. ಕುವೈತ್ ಏರ್‌ಪೋರ್ಟಿನಲ್ಲಿ ಕಸ್ಟಮ್ಸಿನವನು ಅದನ್ನು ಕಂಡು ಎರಡು ಹೆಜ್ಜೆ ಹಿಂದೆ ಸರಿದು, ಮಾಟದ ಸಾಮಾನೇ ಎಂದು ಕೇಳಿದ. ಚಂದ್ರಪ್ರಭಾ ಅಲ್ಲೇ ಬುರುಡೆಯ ಹುಬ್ಬಿನ ಏಣು, ದವಡೆ ತೋರಿಸಿ ಪಾಠ ಶುರುಮಾಡಿದಳು. ಹತ್ತು ನಿಮಿಷ ಕೇಳಿದ ಮೇಲೆ ಆತ ಕೈಮುಗಿಯುವುದೊಂದು ಬಾಕಿ. "ಖಲಾಸ್ ಮದಾಮ್, ಯಲ್ಲಾ!" ಸಾಕು, ಹೊರಡಿ ಎಂದು ಬಿಟ್ಟುಬಿಟ್ಟ. ಅಂದಿನಿಂದ ಅದು ಫ್ರಿಜ್ಜಿನ ಮೇಲೆ ಕುಳಿತಿತ್ತು. ಅದರ ಕಣ್ಣಿನ ಗುಳಿಗಳು ದೇವರ ಪಟದ ಕಡೆ ನೋಡುತ್ತವೆಂದು ಪುಟ್ಟಯ್ಯನವರು ದಿನವೂ ಅದನ್ನು ಗೋಡೆಗೆ ತಿರುಗಿಸುತ್ತಿದ್ದರು. ಅವಳು ದಿನವೂ ಈಚೆ ತಿರುಗಿಸುತ್ತಿದ್ದಳು. ಅವಳು ಹೋದ ಮೇಲೆ ಅವರು ಅದನ್ನು ಮುಟ್ಟಿರಲಿಲ್ಲ.

ಉಪನ್ಯಾಸದ ಶುಕ್ರವಾರ ಬೆಳಿಗ್ಗೆ ಬಾಡಿಗೆಯ ಸಭಾಂಗಣಕ್ಕೆ ಕಾಲಿಟ್ಟಾಗ ಆ ಬುರುಡೆ ವೇದಿಕೆಯ ಮೇಲಿತ್ತು. 'ಚಂದ್ರಪ್ರಭಾ ಪುಟ್ಟಯ್ಯ ಸ್ಮಾರಕ ಉಪನ್ಯಾಸ' ಎಂಬ ಬ್ಯಾನರು, ಹಾರ ಹಾಕಿದ ಅವಳ ಫೋಟೋ, ದೀಪ, ಪಕ್ಕದಲ್ಲೇ ಬುರುಡೆ. ಅದರ ದಪ್ಪ ಹುಬ್ಬಿನ ಮೇಲೆ ಕಾಸಿನಗಲ ಕುಂಕುಮ, ಮೇಲೊಂದು ಮೊಳ ಪ್ಲಾಸ್ಟಿಕ್ ಮಲ್ಲಿಗೆ.

"ಇದನ್ನ ಯಾರು ತಂದದ್ದು?"

ಮಗಳು ಅನ್ವಿತಾ ತಲೆ ತಗ್ಗಿಸಿದಳು. ಶರ್ಕ್ ಬಡಾವಣೆಯ ಬ್ಯಾಂಕೊಂದರಲ್ಲಿ ಕೆಲಸ ಮಾಡುವ ಅವಳು ಅಪ್ಪನಿಗೆ ಹೆದರುವವಳಲ್ಲ, ಇವತ್ತು ಹೆದರಿದಳು. "ನಾನೇ ಅಪ್ಪ. ಡಿಸ್‌ಪ್ಲೇಗೆ ಅಂತ ಕೇಳಿದ್ರು. ಕುಂಕುಮ ನಾನಿಟ್ಟಿಲ್ಲ."

ಸಮಿತಿಯ ಹೆಂಗಸೊಬ್ಬಳು ಸಂಭ್ರಮದಿಂದ ಮುಂದೆ ಬಂದಳು. "ಟೀಚರ್‌ಗೆ ತುಂಬ ಇಷ್ಟದ ವಸ್ತು ಅಂದ್ರು ಅಂಕಲ್. ಬೋಳು ಹಣೆ ಬಿಡಬಾರದಲ್ವಾ ಅಂತ..."

"ಅದು ಗಂಡಸಮ್ಮ," ಎಂದರು ಪುಟ್ಟಯ್ಯನವರು. ಅನ್ವಿತಾ ದುಪಟ್ಟಾದಿಂದ ಬಾಯಿ ಮುಚ್ಚಿಕೊಂಡಳು.

ಅಷ್ಟರಲ್ಲಿ ಅವರನ್ನು ವೇದಿಕೆಗೆ ಎಳೆದು ಕುರ್ಚಿಯಲ್ಲಿ ಕೂರಿಸಿ, ಶಾಲು ಹೊದಿಸಿ, ಮೈಸೂರು ಪೇಟ ತೊಡಿಸಿ, ಮಡಿಲಿಗೆ ಹಣ್ಣಿನ ಬುಟ್ಟಿ ಇಟ್ಟರು. ಆಮೇಲೆ ಉಪನ್ಯಾಸಕರು ಮೈಕಿನ ಮುಂದೆ ಬಂದರು. ಉಪನ್ಯಾಸಕರು ಬೇರೆ ಯಾರೂ ಅಲ್ಲ, ಶ್ಯಾಮಸುಂದರನೇ. ಎ.ಸಿ. ಯಂತ್ರ ಮಾರುವವನಿಗೆ ಮನುಷ್ಯನ ಹುಟ್ಟು ತಿಳಿಯಬಾರದೆಂದೇನೂ ಇಲ್ಲ. ಆದರೆ ಈತನಿಗೆ ತಿಳಿದದ್ದೆಲ್ಲ ಫೋನಿಗೆ ಬಂದದ್ದು. ಯಾರು ಕಳಿಸಿದರೆಂಬುದೂ ತಿಳಿಯದು.

ಪರದೆಯ ಮೇಲೆ ಸಾಲಾಗಿ ನಡೆಯುವ ಕೋತಿಗಳು ಬಂದವು. ಬಾಗಿದ ಕೋತಿ, ಅರ್ಧ ಎದ್ದ ಕೋತಿ, ಕೊನೆಯಲ್ಲಿ ನೆಟ್ಟಗೆ ನಿಂತ ಮನುಷ್ಯ. ಅವನ ತಲೆಗೆ ಶ್ಯಾಮಸುಂದರ ಒಂದು ಮೈಸೂರು ಪೇಟ ಅಂಟಿಸಿದ್ದ. ಸಭೆ ನಕ್ಕಿತು. ಅಂಥದೇ ಪೇಟ ಹೊತ್ತು ಕುಳಿತ ಪುಟ್ಟಯ್ಯನವರಿಗೆ ನಗೆ ಬರಲಿಲ್ಲ. ಈ ಚಿತ್ರ ಕಂಡರೆ ಚಂದ್ರಪ್ರಭಾ ಉರಿದುಬೀಳುತ್ತಿದ್ದಳು. "ಇದೇನು ಇಕಾಮಾ ಆಫೀಸಿನ ಕ್ಯೂವೇನ್ರೋ, ಒಬ್ಬನ ಹಿಂದೆ ಒಬ್ಬ ಬರೋಕೆ? ಮರ ಕಣ್ರೋ, ಕೊಂಬೆಗಳು!"

"ಇಂಗ್ಲಿಷಿನೋರು ನೂರೈವತ್ತು ವರ್ಷದ ಹಿಂದೆ ಕಂಡುಹಿಡಿದ್ರಂತೆ! ನಮ್ಮೋರು ಯಾವಾಗಲೋ ಬರೆದಿಟ್ಟಿದ್ರು," ಎಂದ ಶ್ಯಾಮಸುಂದರ. "ಮತ್ಸ್ಯ, ಮೀನು. ಕೂರ್ಮ, ಉಭಯಚರ. ವರಾಹ, ಸಸ್ತನಿ. ನರಸಿಂಹ, ಅರ್ಧ ಮೃಗ ಅರ್ಧ ಮನುಷ್ಯ. ವಾಮನ, ಕುಳ್ಳ ಆದಿಮಾನವ! ನಮ್ಮ ಚಂದ್ರಪ್ರಭಾ ಟೀಚರ್ ಜೀವನಪೂರ್ತಿ ಕಲಿಸಿದ್ದೂ ಇದನ್ನೇ."

ಚಪ್ಪಾಳೆ ಬಿತ್ತು. ಪುಟ್ಟಯ್ಯನವರಿಗೆ ಕೆಟ್ಟ ಬೆಸುಗೆ ಗುರುತಿಸಲು ಕನ್ನಡಕವೂ ಬೇಡ. ಸೇರದ ಎರಡು ಲೋಹಗಳ ಮೇಲೆ ಬಣ್ಣ ಬಳಿದು ತಂದವರನ್ನು ಅವರು ಎಷ್ಟು ಕಂಡಿಲ್ಲ! ಅಂಥ ಪೈಪಿನ ಮೇಲೆ ಸೀಮೆಸುಣ್ಣದಿಂದ ತಿರಸ್ಕಾರದ ಗೀಟೆಳೆದು, ಬೆಸೆದವನ ಮುಖ ನೋಡದೆ ಮುಂದೆ ನಡೆಯುವುದು ಅವರ ಪದ್ಧತಿ. ಇಲ್ಲಿ ನಡೆದುಹೋಗುವಂತಿರಲಿಲ್ಲ. ಬೆಸುಗೆಯ ಮೇಲೆ ಬರೆದಿದ್ದದ್ದು ಅವಳ ಹೆಸರು.

ಅವರು ಎದ್ದು ಹಣ್ಣಿನ ಬುಟ್ಟಿ ಕೆಳಗಿಟ್ಟರು, ಪೇಟ ತೆಗೆದು ಕುರ್ಚಿಯ ಮೇಲಿಟ್ಟರು. ಹೊದಿಸಿದ ಶಾಲಿನ ತುದಿಯಿಂದ ಬುರುಡೆಯ ಹಣೆ ಉಜ್ಜಿದರು. ಕುಂಕುಮ ಇನ್ನಷ್ಟು ಹರಡಿತು.

"ಸರ್, ಎರಡು ಮಾತು ಹೇಳ್ತೀರಾ?" ಎಂದು ಶ್ಯಾಮಸುಂದರ ಮೈಕು ಚಾಚಿದ.

"ಆಮೆ ಉಭಯಚರ ಅಲ್ಲ, ಶ್ಯಾಮಸುಂದರ್. ಸರೀಸೃಪ. ಇದು ನನ್ನ ಹೆಂಡತಿ ಮಾತು. ಹಾಗಂದ ಹುಡುಗರನ್ನ ಅವಳು ಬೆಂಚಿನ ಮೇಲೆ ನಿಲ್ಲಿಸ್ತಿದ್ದಳು." ಸಭೆ ನಕ್ಕಿತು. ಅವರು ನಗುವು ಮುಗಿಯಲೆಂದು ಕಾಯಲಿಲ್ಲ. "ಇನ್ನು ಇದು ನನ್ನ ಮಾತು. ವಾಮನ ಕುಳ್ಳ ಆದಿಮಾನವನಾದರೆ, ಆಮೇಲೆ ಬಂದ ರಾಮ ಯಾರು? ಸುಧಾರಿಸಿದ ಮಾಡೆಲ್ಲೋ? ಕೃಷ್ಣ ಅದಕ್ಕಿಂತ ಹೊಸ ಮಾಡೆಲ್ಲೋ? ನೀವು ಮಾರೋ ಎ.ಸಿ. ಅಂದ್ಕೊಂಡ್ರಾ ನನ್ನ ದೇವರನ್ನ? ಮೂರು ಹೆಜ್ಜೆಯಲ್ಲಿ ಲೋಕ ಅಳೆದವನಿಗೆ ನಿಮ್ಮ ಇಂಗ್ಲಿಷಿನವರ ಸರ್ಟಿಫಿಕೇಟು ಬೇಕೇ?"

"ಸರ್, ನಾನು ಸೈನ್ಸು, ಧರ್ಮ ಎರಡನ್ನೂ ಗೌರವಿಸ್ತಾ..."

"ಎರಡೂ ನಿಮಗೆ ಗೊತ್ತಿಲ್ಲ. ಗೊತ್ತಿಲ್ಲದ್ದನ್ನ ಗೌರವಿಸೋದು ಸುಲಭ. ಅವಳ ಪಾಠ ನಾನು ಒಪ್ಪಿಲ್ಲ, ಇವತ್ತೂ ಒಪ್ಪಲ್ಲ. ಆದರೆ ಇಪ್ಪತ್ತಾರು ವರ್ಷ ಕೇಳಿದ್ದೀನಿ. ಕೋತಿ ಮನುಷ್ಯ ಆಯ್ತು ಅಂತ ಅವಳು ಒಂದು ದಿನ ಹೇಳಿಲ್ಲ. ಎರಡಕ್ಕೂ ಹಿಂದೆ ಯಾರೋ ಒಬ್ಬರು ಹಿರೀಕರು ಅಂತಿದ್ದಳು. ಈ ದಪ್ಪ ಹುಬ್ಬಿನವನು ನಮ್ಮ ತಾತ ಅಲ್ಲ, ದಾಯಾದಿ ಅಂತಿದ್ದಳು. ಅವರೂ ನಮ್ಮವರೂ ಒಂದೇ ಕಾಲದಲ್ಲಿ ಬದುಕಿದ್ರು, ಸಂಸಾರವನ್ನೂ ಮಾಡಿದ್ರು ಅಂತ ಆಮೇಲೆ ಗೊತ್ತಾಯ್ತು. ಆವತ್ತು ತನ್ನ ಹಳೇ ನೋಟ್ಸು ತಾನೇ ಹರಿದುಹಾಕಿದಳು. ತಪ್ಪು ಹೇಳಿಬಿಟ್ಟೆ ಅಂತ ಹಳೇ ಮಕ್ಕಳಿಗೆಲ್ಲ ಫೋನು ಮಾಡಿದಳು. ನೀವು ಯಾರಿಗಾದರೂ ಮಾಡ್ತೀರಾ?"

ಮತ್ತೆ ಚಪ್ಪಾಳೆ ಬಿತ್ತು. ಶ್ಯಾಮಸುಂದರನಿಗೆ ಬಿದ್ದಷ್ಟೇ ಜೋರಾಗಿ, ಅದೇ ಕೈಗಳಿಂದ, ಅದೇ ಖುಷಿಯಿಂದ. ಹಿಂದಿನ ಸಾಲಿನಿಂದ ಯಾರೋ "ಸೂಪರ್ ಅಂಕಲ್!" ಎಂದರು. ಪುಟ್ಟಯ್ಯನವರು ಆ ಮುಖಗಳನ್ನು ನೋಡಿದರು. ಮುಂದಿನ ವರ್ಷ ಇವರೆದುರು ಯಾರಾದರೂ ಮೀನಿಗೆ ಕೊಂಬಿತ್ತು ಎಂದರೂ ಹೀಗೆಯೇ ತಟ್ಟುತ್ತಾರೆ. ತಟ್ಟುವಾಗ ಹಿಂದೆ ಅವಳ ಹೆಸರು ತೂಗುತ್ತಿರುತ್ತದೆ. ತಿದ್ದಲು ಅವಳಿರುವುದಿಲ್ಲ, ಅವರೂ ಇರುವುದಿಲ್ಲ.

"ಆ ಟೇಪು ಕೊಡಿ," ಎಂದರು.

ಬ್ಯಾನರು ಅಂಟಿಸಲು ತಂದಿದ್ದ ಕಂದು ಟೇಪಿನ ಸುರುಳಿ ಮೇಜಿನ ಮೇಲಿತ್ತು. ಶ್ಯಾಮಸುಂದರ ಅಡ್ಡ ಬಂದ. "ಸರ್, ಇದೇನ್ಸಾರ್? ಟೀಚರ್ ಹೆಸರು ಇಲ್ಲಿ ಉಳೀಲಿ ಅಂತ ನೀವೇ ಅಂದ್ರಲ್ಲ!"

"ಅಂದಿದ್ದೆ. ತಪ್ಪು ಹೇಳಿಬಿಟ್ಟೆ."

ಪಕ್ಕದ ಕುರ್ಚಿ ಎಳೆದು ಹತ್ತಿದರು. ಅನ್ವಿತಾ ಓಡಿಬಂದು ಕುರ್ಚಿ ಹಿಡಿದಳು, ಬೇಡ ಅಪ್ಪ ಎನ್ನಲಿಲ್ಲ. ಮೊದಲ ಅಕ್ಷರದ ಮೇಲೆ ಟೇಪು ಒತ್ತಿದರು. ಎಡದಿಂದ ಬಲಕ್ಕೆ, ಗುಳ್ಳೆ ಏಳದಂತೆ, ಅಂಚು ಸುಕ್ಕಾಗದಂತೆ, ಹೆಸರಿನ ಉದ್ದಕ್ಕೂ ಎಳೆದರು. 'ಸ್ಮಾರಕ ಉಪನ್ಯಾಸ' ಎಂಬಷ್ಟನ್ನು ಸಂಘದವರಿಗೇ ಬಿಟ್ಟರು.

ಕೆಳಗಿಳಿದು ಫೋಟೋವನ್ನು ಮಗಳಿಗೆ ಕೊಟ್ಟು, ಬುರುಡೆಯನ್ನು ಶಾಲಿನಲ್ಲಿ ಸುತ್ತಿ ಎತ್ತಿಕೊಂಡರು. ಜನ ಆಗಲೇ ಬಿಸಿಬೇಳೆಬಾತಿನ ಸಾಲಿನಲ್ಲಿ ನಿಂತಿದ್ದರು, ಒಬ್ಬನ ಹಿಂದೆ ಒಬ್ಬ. ಪುಟ್ಟಯ್ಯನವರು ಆ ಸಾಲನ್ನು ತುದಿಯಿಂದ ತುದಿಯವರೆಗೆ ಒಮ್ಮೆ ನೋಡಿ ಹೊರಗೆ ನಡೆದರು.

ಮನೆಯಲ್ಲಿ ಒದ್ದೆ ಬಟ್ಟೆಯಿಂದ ಎಷ್ಟು ಉಜ್ಜಿದರೂ ಪ್ಲಾಸ್ಟರು ಕುಡಿದ ಕುಂಕುಮ ಹೋಗಲಿಲ್ಲ.

"ಬಿಡಿ ಅಪ್ಪ. ಅಮ್ಮ ಇದ್ದಿದ್ರೆ ನಗ್ತಿದ್ರು."

"ನಕ್ಕು, ಆಮೇಲೆ ನನ್ನನ್ನ ಬೈತಿದ್ದಳು. ಅಂಥವನ ಮಾತಿಗೆ ಯಾಕೆ ಒಪ್ಪಿದ್ರಿ ಅಂತ."

ಅದನ್ನು ಮತ್ತೆ ಫ್ರಿಜ್ಜಿನ ಮೇಲಿಟ್ಟರು. ಸಂಜೆ ಸಹಸ್ರನಾಮಕ್ಕೆ ಕೂರುವ ಮುನ್ನ ಎದ್ದುಹೋಗಿ ಮುಖವನ್ನು ಗೋಡೆಗೆ ತಿರುಗಿಸಿದರು. ಕುಳಿತರು. ಮೊದಲ ನಾಮ ಬಾಯಿಗೆ ಬರಲಿಲ್ಲ. ಮತ್ತೆ ಎದ್ದುಹೋಗಿ, ಈಚೆ ತಿರುಗಿಸಿ ಬಂದರು.