ನೂರು ಹೆಜ್ಜೆ

ಗಾಡಿಯ ಡಿಕ್ಕಿಯಲ್ಲಿ ತ್ರಿಕೋನ ಇರಲಿಲ್ಲ. ಸ್ಟೆಪ್ನಿ ಇತ್ತು, ಜ್ಯಾಕ್ ಇತ್ತು, ಕಲಿಯಲು ಬಂದ ಯಾರೋ ಬಿಟ್ಟುಹೋದ ಒಂಟಿ ಚಪ್ಪಲಿ ಇತ್ತು, ಆಸ್ಪತ್ರೆಯಿಂದ ತಂದ ಹೊಸ ಬೆಡ್‌ಪ್ಯಾನ್ ಕೂಡ ಇತ್ತು. ಕೆಟ್ಟು ನಿಂತ ಗಾಡಿಯ ಹಿಂದೆ, ಬರುವವರಿಗೆ ದೂರದಿಂದಲೇ ಕಾಣಲೆಂದು ರಸ್ತೆಯ ಮೇಲೆ ನಿಲ್ಲಿಸುವ ಆ ಕೆಂಪು ತ್ರಿಕೋನ ಮಾತ್ರ ಇರಲಿಲ್ಲ. ಅವಳು ಎಲ್ಲವನ್ನೂ ಎರಡೆರಡು ಸಲ ಎತ್ತಿ ನೋಡಿದಳು. ಎಲ್ಲಿದೆಯೆಂದು ಗೊತ್ತಿದ್ದೂ ಹುಡುಕುವವರ ಹುಡುಕಾಟ ಅದು. ತ್ರಿಕೋನ ಅವರ ಮನೆಯ ಡ್ರೈವಿಂಗ್ ಸ್ಕೂಲಿನ ಪಾಠದ ಕೋಣೆಯಲ್ಲಿ, ಕಪ್ಪುಹಲಗೆಯ ಮೇಲಿನ ಮೊಳೆಗೆ ನೇತಾಡುತ್ತಿತ್ತು. ನೇತುಹಾಕಿದವಳೂ ಅವಳೇ. ವಾರಕ್ಕೆ ಮೂರು ದಿನ ಇಪ್ಪತ್ತು ಜನರ ಎದುರು ಅದನ್ನು ತೋರಿಸಿ, ಇದಿಲ್ಲದೆ ಗಾಡಿ ಗೇಟು ದಾಟಬಾರದು ಎಂದು ಪಾಠ ಹೇಳುತ್ತಿದ್ದವಳೂ ಅವಳೇ. ದೀಪದ ಬುಡದಲ್ಲಿ ಕತ್ತಲೆ ಎನ್ನುವುದು ಇದಕ್ಕೇ.

"ಇಲ್ಲ ಅಲ್ವಾ?" ಒಳಗಿನಿಂದ ಮಾವನ ದನಿ ಬಂತು.

"ಇಲ್ಲ ಮಾವ."

"ಗೊತ್ತಿತ್ತು."

ಮಾವ ಹಿಂದಿನ ಸೀಟಿನ ಉದ್ದಕ್ಕೂ ಒರಗಿಕೊಂಡಿದ್ದರು. ತೊಡೆಯಿಂದ ಕಾಲ್ಬೆರಳಿನವರೆಗೆ ಒಂದು ಕಾಲಿಗೆ ಪ್ಲಾಸ್ಟರು. ಅರ್ಧ ಗಂಟೆಯ ಹಿಂದೆ ಆಸ್ಪತ್ರೆಯ ಬಾಗಿಲಲ್ಲಿ ಇಬ್ಬರು ಗಟ್ಟಿ ಆಳುಗಳು ಅವರನ್ನು ಎತ್ತಿ, ಒಬ್ಬ ತಲೆಯ ಕಡೆಯಿಂದ, ಇನ್ನೊಬ್ಬ ಕಾಲಿನ ಕಡೆಯಿಂದ, ಮಂಚವನ್ನು ಸಣ್ಣ ಬಾಗಿಲಿನಿಂದ ಒಳಗೆ ಸಾಗಿಸುವ ಹಾಗೆ ಸಾಗಿಸಿದ್ದರು. ಈಗ ಇಲ್ಲಿ ಅವಳೊಬ್ಬಳೇ.

ಗಾಡಿ ನಿಂತ ಜಾಗವೋ, ಶತ್ರುವಿಗೂ ಬೇಡ. ರಸ್ತೆ ದಿಬ್ಬ ಹತ್ತಿ ಇಳಿಯುವ ಕಡೆ, ನೆತ್ತಿ ದಾಟಿ ನಲವತ್ತು ಹೆಜ್ಜೆಯಷ್ಟು ಇಳಿದಿರಲಿಲ್ಲ, ಮುಂದಿನ ಒಂದು ಚಕ್ರ ಕಟಕ್ಕೆಂದು ಒಳಕ್ಕೆ ಮಡಚಿಕೊಂಡಿತ್ತು. ಕಲಿಯುವವರು ಫುಟ್‌ಪಾತಿಗೆ ಗುದ್ದಿ ಗುದ್ದಿ ವರ್ಷಗಟ್ಟಲೆ ಸತಾಯಿಸಿದ ಚಕ್ರ ಅದು. ಎಂದಾದರೂ ಒಂದು ದಿನ ಸೇಡು ತೀರಿಸಿಕೊಳ್ಳಲೇಬೇಕಿತ್ತು, ಇವತ್ತೇ ತೀರಿಸಿಕೊಂಡಿತು. ಗಾಡಿ ಅರ್ಧ ರಸ್ತೆ ಹಿಡಿದು ಕೂತುಬಿಟ್ಟಿತ್ತು. ಇಳಿಜಾರಿದ್ದರೂ ತಳ್ಳಿದರೆ ಕದಲುವ ಹಾಗಿಲ್ಲ. ಅಂಚಿನ ಕಬ್ಬಿಣದ ಬೇಲಿಗೂ ಗಾಡಿಗೂ ನಡುವೆ ಒಂದು ಗೇಣು ಜಾಗ. ಆ ಕಡೆಯ ಬಾಗಿಲು ತೆರೆಯುವುದಿಲ್ಲ. ಈ ಕಡೆಯ ಬಾಗಿಲು ತೆರೆದರೆ ಗಾಡಿಗಳು ಓಡುವ ರಸ್ತೆ. ದಿಬ್ಬದ ಆಚೆಯಿಂದ ಹತ್ತಿ ಬರುವವನಿಗೆ ನೆತ್ತಿ ಮುಟ್ಟುವ ತನಕ ಇವರು ಕಾಣುವುದಿಲ್ಲ. ಕಂಡ ಮೇಲೆ ಬ್ರೇಕು ಒತ್ತಲು ಸಮಯವಿರುವುದಿಲ್ಲ. ಹಳದಿ ದೀಪಗಳು ಮಿಣುಕುತ್ತಿದ್ದುವು, ಆದರೆ ದಿಬ್ಬದ ಈಚೆ ಮಿಣುಕಿದರೆ ಆಚೆಯವನಿಗೇನು ಬಂತು.

ಸಹಾಯದ ನಂಬರಿಗೆ ಫೋನು ಮಾಡಿದಾಗ ಆ ಕಡೆಯ ಹೆಂಗಸು ಶಾಂತವಾಗಿ ಹೇಳಿದ್ದಳು, "ಇಪ್ಪತ್ತೈದು ನಿಮಿಷ ಆಗತ್ತೆ ಮೇಡಂ. ಅಲ್ಲೀ ತನಕ ಎಲ್ಲರೂ ಗಾಡಿಯಿಂದ ಇಳಿದು ಬೇಲಿ ಆಚೆ ನಿಂತ್ಕೊಳ್ಳಿ." ಇದೇ ಮಾತನ್ನು, ಇದೇ ಶಾಂತ ದನಿಯಲ್ಲಿ, ಅವಳೂ ಪಾಠದ ಕೋಣೆಯಲ್ಲಿ ಎಷ್ಟು ಸಲ ಹೇಳಿರಲಿಲ್ಲ.

ಬಾಗಿಲು ತೆರೆದು, ಮಾವನ ಕಂಕುಳಿಗೆ ಕೈ ಹಾಕಿ ಎಳೆದಳು. ಪ್ಲಾಸ್ಟರಿನ ಕಾಲು ಮುಂದಿನ ಸೀಟಿನ ಸಂದಿಗೆ ಸಿಕ್ಕಿಕೊಂಡಿತು. ಮತ್ತೆ ಎಳೆದಳು. ಮಾವನ ಗಂಟಲಿನಿಂದ ಹೊರಟ ಸದ್ದು ಕೇಳಿ ಕೈ ತಾನಾಗಿ ಸಡಿಲಾಯಿತು. ಅದೇ ಹೊತ್ತಿಗೆ ನೆತ್ತಿಯ ಮೇಲಿಂದ ಒಂದು ಕಾರು ಚಿಮ್ಮಿ ಬಂದು, ಕಿವಿ ಕಿವುಡಾಗುವಂತೆ ಹಾರ್ನ್ ಹಾಕುತ್ತ, ತೆರೆದ ಬಾಗಿಲಿಗೆ ಅಂಗೈ ಅಗಲದಲ್ಲಿ ಪಾರಾಗಿ ಹೋಯಿತು. ಗಾಡಿ ಇಡೀ ಅಲುಗಿತು.

"ಬಾಗಿಲು ಹಾಕು" ಎಂದರು ಮಾವ. ಹಣೆಯ ಮೇಲೆ ಬೆವರಿತ್ತು, ದನಿ ಮಾತ್ರ ಪಾಠದ ಕೋಣೆಯದೇ. "ಇದು ಆಗೋ ಕೆಲಸ ಅಲ್ಲ. ಗಾಡಿ ತಲೆ ಮೇಲಿನ ಬೋರ್ಡು ಕಿತ್ಕೋ."

ಮೂವತ್ತೈದು ವರ್ಷ ಊರಿನ ಅರ್ಧ ಜನಕ್ಕೆ ಗಾಡಿ ಕಲಿಸಿದ ಮೇಷ್ಟ್ರು ಅವರು. ಸ್ವಂತ ಮಗನಿಗೆ ಸ್ಟೇರಿಂಗ್ ಮುಟ್ಟಿದರೆ ಅಂಗೈ ಬೆವರುತ್ತಿತ್ತು. ಅವನು ಅಂಚೆ ಕಚೇರಿಯ ಕುರ್ಚಿ ಹಿಡಿದು ಬಚಾವಾದ. ಸೊಸೆ ಮನೆಗೆ ಬಂದ ಮೂರನೇ ತಿಂಗಳಿಗೆ ಅವಳ ಕೈಗೆ ಕೀ ಕೊಟ್ಟು, ಪಕ್ಕದಲ್ಲಿ ಕೂತು ಕಲಿಸಿದರು. ತಪ್ಪಿದರೆ ಕೋಲಿನಿಂದ ಡ್ಯಾಶ್‌ಬೋರ್ಡಿಗೆ ಒಂದು ಪೆಟ್ಟು. ಸರಿ ಮಾಡಿದರೆ ಏನೂ ಇಲ್ಲ. ಹದಿನಾಲ್ಕು ವರ್ಷದಲ್ಲಿ ಆ ಬಾಯಿಂದ ಒಂದು ಭೇಷ್ ಬಿದ್ದಿರಲಿಲ್ಲ. ಈಗ ಸ್ಕೂಲು ನಡೆಸುವವಳು ಅವಳೇ ಆದರೂ, ಅವರು ಕೋಣೆಯ ಮೂಲೆಯಲ್ಲಿ ಬಂದು ಕೂತರೆ ಅವಳ ಮಾತು ತೊದಲುತ್ತಿತ್ತು.

ಬೋರ್ಡು ನಾಲ್ಕು ಕ್ಲಿಪ್ಪುಗಳಲ್ಲಿ ಕೂತಿತ್ತು. ಮೂರು ಬಿಚ್ಚಿದಳು, ನಾಲ್ಕನೆಯದನ್ನು ಉಗುರು ಮುರಿಯುವಂತೆ ಕಿತ್ತಳು. ಬಿಳಿ ತಗಡು, ನಡುವೆ ದೊಡ್ಡ ಕೆಂಪು ಎಲ್ ಅಕ್ಷರ.

"ನೂರು ಹೆಜ್ಜೆ ಹಿಂದಕ್ಕೆ. ಬೇಲಿ ಪಕ್ಕದಲ್ಲೇ ಹೋಗು. ಗಟ್ಟಿಯಾಗಿ ಎಣಿಸ್ಕೊಂಡು ಹೋಗು, ನನಗೆ ಕೇಳಬೇಕು."

"ನಿಮ್ಮನ್ನ ಇಲ್ಲೇ ಬಿಟ್ಟು ಹೆಂಗೆ ಹೋಗ್ಲಿ ಮಾವ?"

"ಇಲ್ಲಿ ನಿಂತು ನನ್ನ ಮುಖ ನೋಡ್ತಿದ್ರೆ ಬರೋ ಲಾರಿ ನಿಲ್ಲತ್ತಾ?" ಮಾವ ಕೋಲನ್ನು ಎರಡು ಸೀಟುಗಳ ನಡುವಿನಿಂದ ಚಾಚಿ, ತುದಿಯನ್ನು ಸ್ಟೇರಿಂಗಿನ ನಡುವೆ ಒತ್ತಿದರು. ಹಾರ್ನ್ ಕೂಗಿತು. "ನೋಡಿದೆಯಾ. ಹಾರ್ನ್ ಕೇಳ್ತಿದ್ರೆ ನಾನಿದ್ದೀನಿ ಅಂತ ತಿಳ್ಕೋ. ಇನ್ನೊಂದು ಮಾತು, ಏನೇ ಸದ್ದು ಕೇಳಿದ್ರೂ ಜಾಗ ಬಿಡಬೇಡ. ನೀನು ಈ ಕಡೆ ಓಡಿ ಬಂದ್ರೆ ಆ ಕಡೆ ಬರೋನಿಗೆ ಹೇಳೋರು ಯಾರು?"

"ತಪ್ಪಾಯ್ತು ಮಾವ. ನಾನು ಅದನ್ನ ಗೋಡೆಗೆ ಹಾಕಬಾರದಿತ್ತು."

"ಅದನ್ನ ಇಳಿಸಿ ಡಿಕ್ಕಿಗೆ ಹಾಕೋಣ ಅಂತಾನೇ ಅವತ್ತು ಸ್ಟೂಲು ಹತ್ತಿದ್ದು. ಈಗ ಅದೆಲ್ಲ ಯಾಕೆ. ಹೋಗು."

ಅವಳು ಹೋದಳು. ಐದು ದಿನದ ಹಿಂದೆ ಮಾವ ಪಾಠದ ಕೋಣೆಯಲ್ಲಿ ಉರುಳಿದ ಸ್ಟೂಲಿನ ಪಕ್ಕ ಬಿದ್ದಿದ್ದರು. ತ್ರಿಕೋನ ಅವರ ಎದೆಯ ಮೇಲಿತ್ತು. ಧೂಳು ಹೊಡೆಯಲು ಹತ್ತಿದ್ದೆ ಎಂದಿದ್ದರು. ಈ ವಯಸ್ಸಿನಲ್ಲಿ ಇದೆಂಥ ಕೋತಿಯಾಟ ಎಂದು ಅವಳು ಗದರಿದ್ದಳು. ಆಂಬುಲೆನ್ಸು ಬರುವಷ್ಟರಲ್ಲಿ ತ್ರಿಕೋನವನ್ನು ಎತ್ತಿ ಒರೆಸಿ ಮತ್ತೆ ಅದೇ ಮೊಳೆಗೆ ಹಾಕಿದ್ದಳು.

"ಒಂದು, ಎರಡು, ಮೂರು..." ಓಡುತ್ತಲೇ ಎಣಿಸಿದಳು. ನಲವತ್ತಕ್ಕೆ ನೆತ್ತಿ ಮುಟ್ಟಿ ತಿರುಗಿ ನೋಡಿದಳು. ಹಿಂದಿನ ಗಾಜಿನಲ್ಲಿ ಮಾವನ ನರೆತ ತಲೆ ಕಾಣುತ್ತಿತ್ತು. ಮುಂದಿನ ನಾಲ್ಕು ಹೆಜ್ಜೆಗೆ ಗಾಡಿಯ ಚಕ್ರ ಮರೆಯಾಯಿತು, ಆಮೇಲೆ ಗಾಜು, ಆಮೇಲೆ ಇಡೀ ಗಾಡಿಯೇ ಇಲ್ಲವಾಯಿತು. "ಎಪ್ಪತ್ತೇಳು, ಎಪ್ಪತ್ತೆಂಟು" ಎನ್ನುವಾಗ ಒಂದು ಕಾರು ಏರು ಹತ್ತಿ ಬಂತು. ಅವಳು ಬೇಲಿಗೆ ಒತ್ತಿ ನಿಂತು ಬೋರ್ಡು ಬೀಸಿದಳು. ಕಾರು ಸ್ವಲ್ಪ ನಿಧಾನವಾಗಿ, ಅವಳನ್ನು ದಾಟಿ ನೆತ್ತಿಯ ಆಚೆ ಇಳಿಯಿತು. ಅವಳು ಕಿವಿಗೊಟ್ಟಳು. ಬ್ರೇಕು ಕಿರುಗುಟ್ಟಿತು. ಏನೂ ಆಗಲಿಲ್ಲ. ಪೇಂ ಎಂದಿತು ಹಾರ್ನ್. ಮಾವ ಇದ್ದಾರೆ.

ಆಮೇಲೆ ಗಾಡಿಗಳು ಸಾಲುಗಟ್ಟಿದುವು. ಒಂದೊಂದು ದಾಟಿದಾಗಲೂ ಅದೇ ಪಾಡು: ಬೋರ್ಡು ಬೀಸುವುದು, ಕಿರುಚುವುದು, ಅದು ನೆತ್ತಿಯ ಆಚೆ ಮುಳುಗಿದ ಮೇಲೆ ಕಣ್ಣಿಗಿಂತ ಕಿವಿಯನ್ನೇ ದೊಡ್ಡದು ಮಾಡಿ ಕಾಯುವುದು. ನೋಡಲು ಹೋಗುವಂತಿಲ್ಲ, ಅಷ್ಟರಲ್ಲಿ ಮುಂದಿನದು ಬಂದಿರುತ್ತಿತ್ತು. "ಮುಂದೆ ಗಾಡಿ ನಿಂತಿದೆ, ಒಳಗೆ ವಯಸ್ಸಾದವರಿದ್ದಾರೆ, ಕಾಲು ಮುರಿದಿದೆ, ಯಾರಾದ್ರೂ ಇಳಿಸ್ರಪ್ಪ" ಎಂದು ಪ್ರತಿ ಗಾಜಿಗೂ ಕೂಗಿದಳು. ಗಾಜುಗಳು ಮುಚ್ಚಿಯೇ ಇದ್ದುವು. ಒಂದು ಕಾರಿನ ತುಂಬ ಇದ್ದ ಹುಡುಗಿಯರು ಅವಳ ಕೈಯ ಬೋರ್ಡು ನೋಡಿ ನಕ್ಕು ಕೈ ಬೀಸಿದರು. ಡ್ರೈವಿಂಗ್ ಸ್ಕೂಲಿನವರು ರಸ್ತೆಗಿಳಿದು ಗಿರಾಕಿ ಕರೆಯುತ್ತಿದ್ದಾರೆ ಎಂದುಕೊಂಡಿರಬೇಕು. ಒಂದು ಹಾಲಿನ ವ್ಯಾನಿನ ಗಾಜು ತೆರೆದಿತ್ತು. ಕಿಟಕಿಗೆ ಮೊಣಕೈ ಊರಿ ಕೂತಿದ್ದ ಡ್ರೈವರಿಗೆ ಅವಳು ಗಂಟಲು ಹರಿಯುವಂತೆ ಹೇಳಿದಳು. ಅವನು ಮುಖವನ್ನೂ ತಿರುಗಿಸದೆ ಹೋದ. ನಿನ್ನ ಹಾಲು ಒಡೆದು ಹೋಗಲಿ ಎಂದು ಶಪಿಸಿದಳು. ಜೀವನದಲ್ಲಿ ಯಾರಿಗೂ ಕೆಟ್ಟದ್ದು ಬಯಸದವಳು, ಆ ಗಳಿಗೆಯಲ್ಲಿ ಮನಸಾರೆ ಬಯಸಿದಳು.

ಎರಡು ಗಾಡಿ ದಾಟಿದ ಮೇಲೆ ಗೊತ್ತಾಯಿತು, ಹಾರ್ನ್ ಕೇಳುತ್ತಿಲ್ಲ.

ಕೋಲು ಜಾರಿರಬಹುದು. ಕೈ ಸೋತಿರಬಹುದು. ಬ್ಯಾಟರಿ ಹೋಗಿರಬಹುದು. ಅಥವಾ ನೋವಿಗೆ ಎಚ್ಚರ ತಪ್ಪಿರಬಹುದು. ಮನಸ್ಸು ಒಂದೊಂದೇ ಕಾರಣ ಹುಡುಕಿ ತಂದು ಮುಂದಿಟ್ಟಿತು, ಒಂದೂ ಎದೆಗೆ ಇಳಿಯಲಿಲ್ಲ. "ಮಾವಾ" ಎಂದು ಕೂಗಿದಳು. ಗಾಳಿ ಎದುರಿನಿಂದ ಬೀಸುತ್ತಿತ್ತು. ಒಂದು ಹೆಜ್ಜೆ ನೆತ್ತಿಯ ಕಡೆ ಇಟ್ಟಳು, ಎರಡನೆಯದನ್ನು ಎತ್ತಿದಳು. ಆಗ ಕೆಳಗಿನಿಂದ ಲಾರಿಯ ಸದ್ದು ಬಂತು.

ಪೈಪು ತುಂಬಿದ ಲಾರಿ, ಏರಿನಲ್ಲಿ ವೇಗ ಕಳೆದುಕೊಳ್ಳಬಾರದೆಂದು ಕೆಳಗಿನಿಂದಲೇ ಬೀಸಿಕೊಂಡು ಬರುತ್ತಿತ್ತು. ಡ್ರೈವರನ ಕಣ್ಣಿಗೆ ನೇರ ಬಿಸಿಲು. ಅವಳು ಅಂಚಿನ ಬಿಳಿ ಗೆರೆ ದಾಟಿ ರಸ್ತೆಗೇ ಇಳಿದು ಬೋರ್ಡು ಬೀಸಿದಳು. ಅವನು ಕಂಡ ಹೊತ್ತಿಗೆ ಲಾರಿ ಅವಳ ಪಕ್ಕದಲ್ಲಿತ್ತು. ಬ್ರೇಕು ಹಾಕಿದ, ಸುಟ್ಟ ರಬ್ಬರಿನ ನಾತ ಅವಳ ಮುಖಕ್ಕೆ ಹೊಡೆಯಿತು, ಲಾರಿ ಉಜ್ಜಿಕೊಂಡು ಉಜ್ಜಿಕೊಂಡು ನೆತ್ತಿ ದಾಟಿತು. ಆಮೇಲೆ ಸದ್ದು. ತಗಡು ತಗಡಿಗೆ ಗುದ್ದಿದ ಸದ್ದು, ಗಾಜು ಸುರಿದ ಸದ್ದು, ಪೈಪುಗಳು ಒಂದರ ಮೇಲೊಂದು ಉರುಳಿದ ಸದ್ದು.

ಅವಳ ಕಾಲು ನೆತ್ತಿಯ ಕಡೆ ತಿರುಗಿತು. ಕಣ್ಣು ಕೆಳಗಿನ ರಸ್ತೆಯ ಕಡೆಯೇ ಇತ್ತು. ಅಲ್ಲಿ ಒಂದು ಸಣ್ಣ ಕಾರು ಏರು ಹತ್ತುತ್ತಿತ್ತು. ಹಿಂದಿನ ಸೀಟಿನಲ್ಲಿ ಮಗುವೊಂದು ಎದ್ದು ನಿಂತಿತ್ತು. ಓಡಿ ಹೋದರೆ ಮಾವನ ಮುಖ ನೋಡಬಹುದು. ಏನು ಉಳಿದಿದೆಯೋ ಅದನ್ನು ನೋಡಬಹುದು. ಜಾಗ ಬಿಡಬೇಡ ಎಂದಿದ್ದರು. ಈ ಮನುಷ್ಯ ಹದಿನಾಲ್ಕು ವರ್ಷ ಹೇಳಿದ ಒಂದೇ ಒಂದು ಮಾತು ತಾನು ಕೇಳಿದ್ದರೆ, ಒಂದು ಮೊಳೆಯಿಂದ ಆ ತ್ರಿಕೋನವನ್ನು ಇಳಿಸಿದ್ದರೆ, ಇದು ಯಾವುದೂ ಇರುತ್ತಿರಲಿಲ್ಲ. ಅವಳು ಬೋರ್ಡು ಎತ್ತಿದಳು. ಸಣ್ಣ ಕಾರು ನಿಧಾನವಾಯಿತು, ನಿಂತಿತು. ಅದರ ಹಿಂದೆ ಇನ್ನೊಂದು ನಿಂತಿತು. ಬಗ್ಗಿ ಕೇಳಿದವರಿಗೆಲ್ಲ ಅವಳು, "ಮುಂದೆ ಅಪಘಾತ ಆಗಿದೆ, ನಿಧಾನ, ನಿಧಾನ" ಎಂದಳು. ಕಣ್ಣೀರು ಗಲ್ಲದಿಂದ ಇಳಿದು ಕುತ್ತಿಗೆ ಸೇರುತ್ತಿದ್ದುದನ್ನು ಒರೆಸಿಕೊಳ್ಳಲು ಕೈಗೆ ಬಿಡುವಿರಲಿಲ್ಲ. ಗಂಡನಿಗೆ ಏನು ಹೇಳುವುದು ಎಂಬ ವಾಕ್ಯವನ್ನು ತಲೆ ಆಗಲೇ ಜೋಡಿಸತೊಡಗಿತ್ತು, ಮೊದಲ ಪದವೇ ಸಿಗುತ್ತಿರಲಿಲ್ಲ.

ಎಷ್ಟು ಹೊತ್ತಾಯಿತೋ, ನೆತ್ತಿಯ ಮೇಲೆ ಒಬ್ಬ ಮನುಷ್ಯ ಕಾಣಿಸಿಕೊಂಡ. ಬೇಲಿಯ ಆಚೆಯಿಂದ, ಆತುರವಿಲ್ಲದೆ ನಡೆದು ಬರುತ್ತಿದ್ದ. ಎಲ್ಲ ಮುಗಿದ ಮೇಲೆ ಜನ ಹೀಗೇ ನಡೆಯುತ್ತಾರೆ. ಹತ್ತಿರ ಬಂದಾಗ ಗುರುತು ಹತ್ತಿತು. ಹಾಲಿನ ವ್ಯಾನಿನವನು. ಅವನ ಭುಜ, ತೋಳು, ಅಂಗಿಯ ಎದೆ, ಎಲ್ಲ ಕಡೆ ಪ್ಲಾಸ್ಟರಿನ ಬಿಳಿ ಪುಡಿ ಹತ್ತಿಕೊಂಡಿತ್ತು.

"ಮೇಷ್ಟ್ರ ಸೊಸೆ ನೀವೇನಾ?"

ಅವಳು ತಲೆ ಆಡಿಸಿದಳು.

"ನಾನೂ ವ್ಯಾನಲ್ಲಿದ್ದ ನನ್ನ ಭಾವಮೈದಾನೂ ಸೇರಿ ಎತ್ತಿದ್ವಿ. ಪಾಪ, ಆ ಹಾರ್ನ್ ಬಿಡೋಕೇ ಒಪ್ಪಲಿಲ್ಲ, ಕೋಲು ಕಿತ್ಕೋಬೇಕಾಯ್ತು. ಬೇಲಿ ದಾಟಿಸಿ ಹುಲ್ಲ ಮೇಲೆ ಕೂರಿಸಿ ಇನ್ನೂ ಬೆನ್ನು ನೆಟ್ಟಗೆ ಮಾಡಿರಲಿಲ್ಲ, ಲಾರಿ ಬಂತು." ಅವನು ನೆತ್ತಿಯ ಕಡೆ ಕೈ ತೋರಿಸಿದ. "ಗಾಡಿಗೆ ಹಿಂದಿನ ಸೀಟು ಅನ್ನೋದು ಇಲ್ಲ ಈಗ."

"ಲಾರಿಯವನು?" ಎಂದಳು.

"ಹಣೆ ಒಡೆದಿದೆ, ಅಷ್ಟೇ. ನಿಮ್ಮ ಮಾವ ಅವನನ್ನ ಪಕ್ಕದಲ್ಲೇ ಕೂರಿಸ್ಕೊಂಡು ಬೈತಿದಾರೆ." ಅವನು ತಲೆ ಕೆರೆದುಕೊಂಡ. "ನಿಮಗೂ ಒಂದು ಮಾತು ಹೇಳಿ ಕಳಿಸಿದಾರೆ. ಅವರು ಹೇಳಿದ ಹಾಗೇ ಹೇಳ್ತೀನಿ, ಬೇಜಾರು ಮಾಡ್ಕೋಬೇಡಿ. ಎಪ್ಪತ್ತೆಂಟಕ್ಕೇ ನಿಲ್ಲಿಸಿದ್ಲು, ಇನ್ನೂ ಇಪ್ಪತ್ತೆರಡು ಬಾಕಿ ಇದೆ ಅಂತ ಹೇಳು, ಅಂದ್ರು."

ಅವಳು ಬೇಲಿಯ ಕಂಬ ಹಿಡಿದು ಸ್ವಲ್ಪ ಹೊತ್ತು ಬಗ್ಗಿ ನಿಂತಳು. ಹಾಲಿನವನು ಗಾಬರಿಯಾಗಿ, "ಬೋರ್ಡು ಕೊಡಿ ಅಕ್ಕಾ, ನಾನಿರ್ತೀನಿ. ನೀವು ಹೋಗಿ ಅವರನ್ನ ನೋಡಿ" ಎಂದ. ಒಮ್ಮೆ ಹೋಗಿ ಮಾವನ ಮುಂದೆ ಕೂತರೆ ಮತ್ತೆ ಏಳಲು ಕಾಲು ಬರುವುದಿಲ್ಲ ಎಂದು ಅವಳಿಗೆ ಗೊತ್ತಿತ್ತು. ತೋಳಿನಿಂದ ಮುಖ ಒರೆಸಿಕೊಂಡಳು.

"ನೀವು ನೆತ್ತಿ ಮೇಲೆ ನಿಂತ್ಕೊಳ್ಳಿ. ಬೇಲಿ ಆಚೆನೇ ಇರಿ, ಈಚೆ ಬರಬೇಡಿ" ಎಂದಳು.

ಬೋರ್ಡನ್ನು ಕಂಕುಳಲ್ಲಿ ಇರುಕಿಕೊಂಡು, ನಿಂತ ಗಾಡಿಗಳ ಸಾಲನ್ನು ದಾಟುತ್ತ ಇಳಿದಳು. "ಎಪ್ಪತ್ತೊಂಬತ್ತು" ಎಂದಳು. ಇನ್ನೂ ಗಟ್ಟಿಯಾಗಿ ಮತ್ತೆ ಹೇಳಿದಳು. ಎಂಬತ್ತು, ಎಂಬತ್ತೊಂದು. ಸಣ್ಣ ಕಾರಿನ ಮಗು ಗಾಜಿಗೆ ಮೂಗು ಒತ್ತಿ ಅವಳನ್ನೇ ನೋಡಿತು. ತೊಂಬತ್ತರ ಹೊತ್ತಿಗೆ ಹೆಜ್ಜೆ ಒಂದೇ ಅಳತೆಗೆ ಬಂದಿತ್ತು. ಕೊನೆಯ ಹೆಜ್ಜೆಗೆ ನಿಂತು, ನೆತ್ತಿಯ ಕಡೆ ತಿರುಗಿ, ದಿಬ್ಬದ ಆಚೆಗೂ ಕೇಳಲಿ ಎಂದು ಎದೆ ತುಂಬ ಉಸಿರು ತೆಗೆದುಕೊಂಡು "ನೂರು" ಎಂದಳು.

ಆಮೇಲೆ ರಸ್ತೆಗೆ ಮುಖ ಮಾಡಿ ಬೋರ್ಡು ಎತ್ತಿ ಹಿಡಿದಳು. ಕೆಳಗೆ, ದೂರದ ತಿರುವಿನಲ್ಲಿ ಕಾಣಿಸಿಕೊಂಡ ಒಂದು ಬಸ್ಸು ಅಲ್ಲಿಂದಲೇ ನಿಧಾನವಾಗತೊಡಗಿತು.