ಚೀಕಲಪರ್ವಿಯ ಪೊಟ್ಟಣ

ಈಗ ಬಾಯಿ ಬಿಟ್ಟರೆ? ನಾಲ್ಕು ವರ್ಷದ ಕೆಲಸ. ಸರ್ ಕ್ಷಮಿಸಿಯಾರು, ಕ್ಷಮಿಸದೆಯೂ ಇದ್ದಾರು. ಅವರ ಮಾತು ಮುಗಿಯಲಿ, ಆಮೇಲೆ ಹೇಳೋಣ ಎಂದುಕೊಂಡು ನಿಂಗರಾಜ ಗೋಡೆಗೆ ಆತು ನಿಂತಿದ್ದ.

ಮಾತು ಅವನಿಗಲ್ಲ, ಲಲಿತಾಳಿಗೆ. ರಾಯಚೂರಿನ ಆ ಪ್ರಯೋಗಾಲಯದಲ್ಲಿ ಇಬ್ಬರೂ ಬಸವಪ್ರಸಾದ ಸರ್ ಕೈಕೆಳಗೆ ಪಿಎಚ್‌ಡಿ ಮಾಡುತ್ತಿದ್ದರು. ವಿಲೋ, ಪಾಪ್ಲರ್ ಮರಗಳಲ್ಲಿ ಯಾವುದು ಯಾವುದಕ್ಕೆ ಎಷ್ಟು ಹತ್ತಿರದ ನೆಂಟ ಎಂಬುದು ಎಲೆ ನೋಡಿದರೆ ತಿಳಿಯುವುದಿಲ್ಲ. ಆಯ್ದ ಕೆಲವು ನೂರು ಜೀನುಗಳನ್ನಷ್ಟೇ ಓದಿಸಿ ಹೋಲಿಸಬೇಕು. ಊರೂರು ಸುತ್ತಿ, ಮರಕ್ಕೊಂದು ಪೊಟ್ಟಣದಂತೆ ಎಲೆ ತರುವುದು ನಿಂಗರಾಜನ ಪಾಲು. ಅದನ್ನು ಅರೆದು, ಪಿಪೆಟ್ ಎಂಬ ಹೀರುಗೊಳವೆಯಿಂದ ರಸ ಅಳೆದು ಡಿಎನ್‌ಎ ತೆಗೆಯುವುದು ಲಲಿತಾಳ ಪಾಲು. ಬೆಳಿಗ್ಗೆ ಜೀನು ಓದಿಸಿದ ವರದಿ ಬಂದಿತ್ತು. ಚೀಕಲಪರ್ವಿ ಹೊಳೆದಂಡೆಯ ವಿಲೋ ಹೆಸರಿನ ಮಾದರಿಯಲ್ಲಿ ಎರಡು ಮರಗಳ ಜೀನು ಕಲಸಿಕೊಂಡಿದ್ದವು.

"ಪಿಪೆಟ್ ಅಂದ್ರ ಸೌಟಲ್ಲ ತಂಗಿ," ಎಂದರು ಸರ್, ನಗುತ್ತಲೇ. "ಆ ಗಡಿಗಿದು ಈ ಗಡಿಗಿಗೆ ಹಾಕಿ ತಿರುವಾಕ ಇದು ನಿಮ್ಮೂರು ಮಲ್ಲಟದ ಮನಿ ಏನು?"

"ಪ್ರತಿ ಸಲ ಪಿಪೆಟ್ಟಿನ ತುದೀಗಿನ ಟಿಪ್ ಬದಲಸೀನ್ರಿ ಸರ್. ನೋಟ್‌ಬುಕ್ಕಿನ್ಯಾಗ ಬರದೀನ್ರಿ."

"ಬರಿಯಾಕೇನು, ನಾನೂ ಬರಿತೀನಿ."

ಅವಳ ಪಿಎಚ್‌ಡಿ ನೋಂದಣಿ ಮುಂದುವರಿಸುವ ಅರ್ಜಿ ಸರ್ ಸಹಿಗಾಗಿ ಮೇಜಿನ ಮೇಲಿತ್ತು. ಅಂದೇ ಕೊನೆಯ ದಿನ. ಅವರು ಪೆನ್ನಿನ ಮುಚ್ಚಳ ತೆಗೆಯಲಿಲ್ಲ.

ನಿಂಗರಾಜ ದೇವದುರ್ಗದ ಕಡೆಯ ಕುರಿಗಾರರ ಮನೆಯವನು. ಮರಿಗಳಿಗೆ ಮೇವಿನ ತೊಪ್ಪಲು ಹರಿಯುವಾಗ ಒಂದೇ ಮರವನ್ನು ಬೋಳಿಸಬಾರದು, ಇದರದೊಂದು ಟೊಂಗೆ, ಪಕ್ಕದ್ದರದೊಂದು ಎಂದು ಅವ್ವ ಕಲಿಸಿದ್ದಳು. ಹೊಳೆದಂಡೆಯಲ್ಲಿ ಅವನ ಕೈ ತಾನಾಗಿ ಹಾಗೆಯೇ ಮಾಡಿತ್ತು. ಎರಡೂ ಮರಗಳ ಎಲೆಗಳು ಒಂದೇ ಪೊಟ್ಟಣಕ್ಕೆ ಬಿದ್ದಿದ್ದವು. ಅದು ನೆನಪಾದದ್ದು ವರದಿ ಓದಿದಾಗ.

ಲಲಿತಾ ತಿರುಗಿ ನೋಡಿದಳು. ಅವಳದೂ ಕುರಿಗಾರರ ಮನೆತನವೇ, ಆ ರೂಢಿ ಬಲ್ಲವಳು. "ನಿಂಗಣ್ಣ, ನೀ ಒಂದ ಗಿಡದ್ದ ಹರದಿದ್ದಿ, ಹೌದಲ್ಲೋ?"

"ಹೌದು," ಎಂದ, ತಡವಿಲ್ಲದೆ.

"ಕೇಳಿದ್ಯವಾ?" ಸರ್ ಅರ್ಜಿಯನ್ನು ಅವಳ ಕಡೆ ತಳ್ಳಿದರು. "ತಪ್ಪು ನಿಂದು, ಹಾಕೂದು ಅವನ ಮ್ಯಾಲೆ. ಹೋಗು, ಮನ್ಯಾಗ ಗಂಡು ನೋಡಾಕ ಹೇಳು. ಲೇ ನಿಂಗ್ಯಾ, ಬಸ್‌ಸ್ಟ್ಯಾಂಡಿಗೆ ಬಿಟ್ಟ ಬಾ."

ನಿಂಗರಾಜ ಅವಳನ್ನು ಬೈಕಿನಲ್ಲಿ ಕರೆತಂದ. ಅವಳೂರಿನ ಕಡೆ ಹೋಗುವ ಮಾನ್ವಿ ಬಸ್ಸು ನಿಂತೇ ಇತ್ತು. ಅವಳು ಚೀಲ ಎದೆಗೊತ್ತಿ ಹಿಡಿದು ಮೆಟ್ಟಿಲ ಮೇಲೆ ತಡೆದಳು.

"ಒಂದ ಸಲ ಟಿಪ್ ಬದಲಸೂದು ಮರತೀನೇನೋ ಅಣ್ಣ. ಈಗ ನನಗ ಖಾತ್ರಿ ಇಲ್ಲ. ನಿನ್ನ ಕೆಲಸಾನೂ ಕೆಡಿಸಿದೆ. ಸಿಟ್ಟಾಗಬ್ಯಾಡ."

"ಇರಲಿ ಬಿಡು," ಎಂದ ನಿಂಗರಾಜ.

ತಪ್ಪು ತನ್ನದು ಎಂದು ಅವಳಿಗೆ ಹೇಳಲಿಲ್ಲ. ಹೊಸ ಎಲೆ ತಂದು, ಮರಗಳ ವಂಶಾವಳಿ ಸರಿ ಕೂತ ಮೇಲೂ ಹೇಳಲಿಲ್ಲ.